ಮೂರು ಊರು ಸಾಕು, ಸಾಕ್ಷಿಗೆ ಬೀರೂರು ಬೇಕು

ಹಳೆಯ ಗ್ರಾಮ ನಕ್ಷೆಗಳು ಹುಟ್ಟಿದ್ದು 33 ಅಡಿಯ ಸರಪಳಿಯಿಂದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಗುಂಟೆ. 40 ಗುಂಟೆಗೆ ಎಕರೆ. ಯಾವ ಸರ್ವೆ ನಂಬರಿನ ಪಕ್ಕ ಯಾವುದು ಎಂಬುದೆಲ್ಲ ಅವುಗಳಲ್ಲಿದೆ; ಅಕ್ಷಾಂಶ, ರೇಖಾಂಶ ಇಲ್ಲ. ಹಾಗಿದ್ದರೂ ಹೊಲದಲ್ಲಿ ನಿಂತು ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ನಂಬರ್ ಬರುತ್ತದೆ. ಹಳೆಯ ನಕ್ಷೆಯನ್ನು ಹೀಗೆ ಭೂಮಿಯ ಮೇಲೆ ಸರಿಯಾಗಿ ಕೂರಿಸುವ ಕಸುಬೇ ಜಿಯೋರೆಫರೆನ್ಸಿಂಗ್.

ಕಾಗದ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. 1:7920 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ನೆಲದಲ್ಲಿ ಸುಮಾರು 8 ಮೀಟರ್ ವ್ಯತ್ಯಾಸ. ಇದನ್ನು ಸರಿಪಡಿಸುವ ಗಣಿತದಲ್ಲಿ ಎರಡು ಹಂತ. ನಕ್ಷೆಯನ್ನು ತಿರುಗಿಸುವುದು, ಹಿಗ್ಗಿಸಿ ಕುಗ್ಗಿಸುವುದು, ಓರೆ ಮಾಡುವುದು ರೇಖೀಯ ಪರಿವರ್ತನೆ. ಜೊತೆಗೆ ಇಡೀ ಹಾಳೆಯನ್ನು ಅದರ ಜಾಗಕ್ಕೆ ಸರಿಸಿದರೆ ಅಫೈನ್ ಪರಿವರ್ತನೆ. ನೇರ ಬದು ನೇರವಾಗಿಯೇ ಉಳಿಯುತ್ತದೆ. ಹಾಳೆಯಲ್ಲಿ ಅಣ್ಣತಮ್ಮಂದಿರ ಪಾಲು ಸಮವಿದ್ದರೆ ಆಮೇಲೂ ಸಮವೇ.

ಅಫೈನ್ ಪರಿವರ್ತನೆಗೆ ಆರು ಸಂಖ್ಯೆ ಬೇಕು. ನಕ್ಷೆಯಲ್ಲೂ ನೆಲದಲ್ಲೂ ಗುರುತಿಸಬಲ್ಲ ಒಂದು ಬಿಂದುವಿನಿಂದ ಎರಡು ಸಮೀಕರಣ ಸಿಗುವುದರಿಂದ, ಒಂದೇ ಗೆರೆಯಲ್ಲಿರದ ಮೂರು ಬಿಂದು ಸಾಕು. ಚಿಕ್ಕಮಗಳೂರಿಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದ ನಕ್ಷೆಯೊಂದನ್ನು ಕೂರಿಸಬೇಕೆನ್ನಿ. ಕಡೂರಿನಿಂದ ಉತ್ತರಕ್ಕೆ ನೇರ ದೂರ ಸುಮಾರು 20 ಕಿ.ಮೀ. ಹೋದರೆ ಅಜ್ಜಂಪುರ, ಅಲ್ಲಿಂದ ಪಶ್ಚಿಮಕ್ಕೆ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ತರೀಕೆರೆ. ಲೆಕ್ಕಕ್ಕೆ ಹೇಳಿ ಮಾಡಿಸಿದ ತ್ರಿಕೋನ.

ಆದರೆ ಮೂರೇ ಬಿಂದು ಕೊಟ್ಟರೆ ಕಂಪ್ಯೂಟರ್ ‘ದೋಷ ಸೊನ್ನೆ’ ಎನ್ನುತ್ತದೆ, ತರೀಕೆರೆಯನ್ನು ತಪ್ಪು ಜಾಗದಲ್ಲಿ ಗುರುತಿಸಿದ್ದರೂ! ಮೂರು ಬಿಂದುಗಳಿಗೆ ಆರು ಸಂಖ್ಯೆಗಳು ಹೇಗಾದರೂ ಹೊಂದಿಕೊಂಡುಬಿಡುತ್ತವೆ. ತಪ್ಪು ಸಿಕ್ಕಿಬೀಳುವುದು ಬೀರೂರು ಜಂಕ್ಷನ್ ನಾಲ್ಕನೆಯ ಬಿಂದುವಾಗಿ ಬಂದಾಗ. ಲೆಕ್ಕ ತೋರಿಸಿದ ಬೀರೂರಿಗೂ ನಿಜವಾದ ಬೀರೂರಿಗೂ ಎಷ್ಟು ಅಂತರ ಎಂದು ನೋಡಿದರೆ ನಕ್ಷೆಯ ಯೋಗ್ಯತೆ ತಿಳಿಯುತ್ತದೆ. ಗ್ರಾಮ ನಕ್ಷೆಗಾದರೆ ಮೂರು ಊರಿನ ಗಡಿ ಕೂಡುವ ಕಲ್ಲು, ಕೆರೆ ಏರಿಯ ತುದಿ, ದಾರಿ ಕೂಡುವ ಜಾಗಗಳೇ ಸಾಕ್ಷಿ. ಅವು ಹೆಚ್ಚಿದ್ದಷ್ಟೂ, ಹಾಳೆಯ ನಾಲ್ಕೂ ಮೂಲೆಗೆ ಹರಡಿದ್ದಷ್ಟೂ ಒಳ್ಳೆಯದು.

ಒಂದು ಮೂಲೆಯಷ್ಟೇ ಮಡಚಿ ಹರಿದ ಹಾಳೆಯನ್ನು ಅಫೈನ್ ಸರಿಮಾಡಲಾರದು. ಅದರ ತಿದ್ದುಪಡಿ ಇಡೀ ಹಾಳೆಗೆ ಒಂದೇ. ಆದ್ದರಿಂದ ಗಡಿ ತಕರಾರು ಎದ್ದರೆ ಆ್ಯಪ್ ಒಂದನ್ನೇ ನಂಬದೆ, ಗಡಿ ಗುರುತಿಸಿಕೊಡುವ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯರ್ ಮೂಲ ಅಳತೆಯ ಟಿಪ್ಪಣಿ ಹಿಡಿದು ಅಳೆಯುವವರೆಗೂ ಬೇಲಿ ಹಾಕದಿರುವುದೇ ಕ್ಷೇಮ.