ಎಡಗಾಲಿಗೊಂದು ಪೆಟ್ಟು

ಡಿಗ್ರಿ ಮೊದಲ ವರ್ಷದ ಜುಲೈ. ಕಾಲೇಜು ಮೈದಾನದಲ್ಲಿ ಎನ್‌ಸಿಸಿ ಕೆಡೆಟ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹವಾಲ್ದಾರ್ ಸಾಹೇಬರು ಕೇಳಿದರು: 'ಸೈಡ್ ಡ್ರಮ್ ಕೌನ್ ಬಜಾಯೇಗಾ?' ಹಿಂದಿನ ವರ್ಷ ಬಾರಿಸುತ್ತಿದ್ದ ಸೀನಿಯರ್ ಪಾಸಾಗಿ ಹೋಗಿದ್ದರು. ಆಗಸ್ಟ್ 15ಕ್ಕೆ ಇನ್ನು ಐದೇ ವಾರ. ಯಾರೂ ಉಸಿರೆತ್ತಲಿಲ್ಲ. ನನ್ನ ಬಲಗೈ ಮಾತ್ರ ಅರ್ಧ ಮೇಲೆದ್ದು, ತಲೆ ಕೆರೆದುಕೊಂಡಂತೆ ಮಾಡಿ ಕೆಳಗಿಳಿಯಿತು.

ನನಗೆ ಬಾರಿಸಲು ಬರುತ್ತಿತ್ತು. ಆರನೇ ಕ್ಲಾಸಿನಿಂದಲೇ ಅಷ್ಟಿಷ್ಟು ಬರುತ್ತಿತ್ತು. ಆದರೆ 'ಬರುತ್ತೆ' ಅಂದರೆ ಮುಂದಿನ ಪ್ರಶ್ನೆ 'ಎಲ್ಲಿ ಕಲಿತೆ?' ಎಂದಿರುತ್ತದೆ. ಅಪ್ಪ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನಲ್ಲಿ ಸೈಡ್ ಡ್ರಮ್ ಬಾರಿಸುತ್ತಾನೆ ಎಂಬುದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅರ್ಜಿಗಳಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ 'ಕೂಲಿ' ಎಂದೇ ಬರೆಯುತ್ತಿದ್ದೆ. ಸುಳ್ಳೇನಲ್ಲ. ಮದುವೆ ಸೀಸನ್ ಮುಗಿದ ಮೇಲೆ ಅಪ್ಪ ಕೂಲಿಗೆ ಹೋಗುತ್ತಿದ್ದ.

ಮುಚ್ಚಿಡಲು ಕಾರಣವಿತ್ತು. ಪಿಯುಸಿಯಲ್ಲಿದ್ದಾಗ ಸಹಪಾಠಿಯೊಬ್ಬನ ಅಕ್ಕನ ಮದುವೆಗೆ ಗೆಳೆಯರೆಲ್ಲ ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆವು. ರಾತ್ರಿ ಗಂಡಿನ ಮೆರವಣಿಗೆ ಬಂತು. ಮುಂದೆ ಬಣ್ಣ ಮಾಸಿದ ಕೆಂಪು ಕೋಟು, ಹೆಗಲ ಮೇಲೆ ಜರಿ ದಾರ, ತಲೆಗೆ ಟೋಪಿ ಹಾಕಿಕೊಂಡ ಬ್ಯಾಂಡಿನವರು. ಎರಡನೇ ಸಾಲಿನಲ್ಲಿ ಅಪ್ಪ. ನಾನು ಜನರೇಟರ್ ಗಾಡಿಯ ಹಿಂದೆ ಸರಿದು ನಿಂತೆ. ಅಪ್ಪ ನನ್ನನ್ನು ನೋಡಿದ. ನೋಡಿ, ಮುಖವನ್ನು ಆ ಕಡೆ ತಿರುಗಿಸಿಕೊಂಡು ಬಾರಿಸುತ್ತಲೇ ಮುಂದೆ ಹೋದ. ಊಟದ ಹೊತ್ತಿಗೆ ಯಾರೋ ಬ್ಯಾಂಡಿನವರಿಗೆ 'ನೀವು ಆಮೇಲೆ ಕೂತ್ಕೊಳ್ಳಿ, ಕೊನೇ ಪಂಕ್ತಿಗೆ' ಎಂದರು. ನಾನು ಎರಡನೇ ಪಂಕ್ತಿಯಲ್ಲೇ ಉಂಡು ಎದ್ದಿದ್ದೆ. ಮನೆಗೆ ಬಂದ ಮೇಲೆ ಅಪ್ಪ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೈದಾನದಲ್ಲಿ ಯಾರೂ ಮುಂದೆ ಬರದಿದ್ದಾಗ ಒಬ್ಬ ಗಟ್ಟಿಮುಟ್ಟಾದ ಹುಡುಗನಿಗೆ ಡ್ರಮ್ ನೇತುಹಾಕಿದರು. ಅವನು ಗಣೇಶನ ಮೆರವಣಿಗೆಯ ಹುಮ್ಮಸ್ಸಿನಲ್ಲಿ ಬಾರಿಸಿದ. 'ತೇಜ್ ಚಲ್' ಎಂದದ್ದೇ ತಡ, ಮೂವತ್ತು ಕೆಡೆಟ್‌ಗಳಲ್ಲಿ ಹದಿನೈದು ಜನರ ಎಡಗಾಲು, ಹದಿನೈದು ಜನರ ಬಲಗಾಲು ಒಟ್ಟಿಗೆ ಮುಂದೆ ಬಂದವು. ಮೂರು ದಿನ ಇದೇ ಗೋಳು. ನಾಲ್ಕನೇ ದಿನ ತಡೆಯಲಾರದೆ ಸಾಲಿನಿಂದ ಹೊರಗೆ ಬಂದೆ. 'ಸರ್, ನಾನೊಂದ್ಸಲ ನೋಡ್ತೀನಿ.' ಬಾರಿಸಿದೆ. ಕಾಲುಗಳು ಒಂದಾದವು. ಹವಾಲ್ದಾರ್ ಸಾಹೇಬರು ಹುಬ್ಬೇರಿಸಿ 'ಕಹಾಂ ಸೀಖಾ?' ಎಂದರು. 'ಊರಲ್ಲಿ, ಸರ್' ಎಂದು ಅಲ್ಲಿಗೇ ಮುಗಿಸಿದೆ.

ಸೈಡ್ ಡ್ರಮ್ ನೋಡಲು ಸರಳ ವಾದ್ಯ. ಎರಡೂ ಬದಿ ಹೊದಿಕೆಯಿರುವ, ಅಷ್ಟೇನೂ ಆಳವಿಲ್ಲದ ಒಂದು ಡಬ್ಬಿ. ಗುಟ್ಟೆಲ್ಲ ಇರುವುದು ಕೆಳಗಿನ ಹೊದಿಕೆಯಲ್ಲಿ. ಅದಕ್ಕೆ ತಾಗಿಕೊಂಡಂತೆ ಅಡ್ಡಲಾಗಿ ಸಣ್ಣ ತಂತಿಗಳನ್ನು ಬಿಗಿದಿರುತ್ತಾರೆ. ಇದೇ ಸ್ನೇರ್. ಕೋಲು ಮೇಲೆ ಬಿದ್ದಾಗ ಒಳಗಿನ ಗಾಳಿ ಕೆಳಗಿನ ಹೊದಿಕೆಯನ್ನು ಅದುರಿಸುತ್ತದೆ, ತಂತಿಗಳು ಅದಕ್ಕೆ ಬಡಿದು 'ಚರ್ರ್' ಎನ್ನುತ್ತವೆ. ಹಿಂದೆ ತಂತಿಯ ಜಾಗದಲ್ಲಿ ಪ್ರಾಣಿಗಳ ಕರುಳಿನಿಂದ ಮಾಡಿದ ದಾರ ಇರುತ್ತಿತ್ತು, ಹೊದಿಕೆಯೂ ಚರ್ಮದ್ದೇ. ಮಳೆ ಬಂದರೆ ಚರ್ಮ ಸಡಿಲಾಗಿ ಡ್ರಮ್ ಮೂಕಾಗುತ್ತಿತ್ತು. 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಆ ಕಷ್ಟ ತಪ್ಪಿತು. ತಂತಿಗಳನ್ನು ಸಡಿಲ ಮಾಡಿದರೆ ಅದೇ ಡ್ರಮ್ ಮಂಕು ದನಿಯಲ್ಲಿ 'ಧಂ' ಎನ್ನುತ್ತದೆ. ಸೈನಿಕರ ಅಂತಿಮಯಾತ್ರೆಯಲ್ಲಿ ಡ್ರಮ್‌ಗೆ ಕಪ್ಪು ಬಟ್ಟೆ ಹೊದಿಸಿ ಹೀಗೆ ದನಿ ತಗ್ಗಿಸುವ ಪದ್ಧತಿಯಿದೆ.

ಸೈಡ್ ಎಂಬ ಹೆಸರು ಬಂದದ್ದು ಅದನ್ನು ಹೆಗಲಿನ ಪಟ್ಟಿಗೆ ಸಿಕ್ಕಿಸಿ ಎಡಬದಿಗೆ ನೇತುಹಾಕಿಕೊಳ್ಳುವುದರಿಂದ. ನಡೆಯುವಾಗ ಡ್ರಮ್ ಓರೆಯಾಗಿ ತೊಡೆಗೆ ಒರಗಿರುತ್ತದೆ. ಅದಕ್ಕೇ ಎರಡು ಕೈಗಳ ಹಿಡಿತ ಬೇರೆ ಬೇರೆ. ಬಲಗೈಯಲ್ಲಿ ಸುತ್ತಿಗೆಯಂತೆ ಹಿಡಿದರೆ, ಎಡಗೈಯಲ್ಲಿ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಲ್ಲಿ ಕೋಲನ್ನಿಟ್ಟು ಬೆರಳುಗಳ ನಡುವೆ ಹಾಯಿಸಬೇಕು. ಎಡಗೈ ಪಳಗುವುದಕ್ಕೇ ತಿಂಗಳುಗಟ್ಟಲೆ ಬೇಕು.

ಆಗಸ್ಟ್ 15 ಬಂತು. ತಾಲೂಕು ಕ್ರೀಡಾಂಗಣ ತುಂಬಿತ್ತು. ಪರೇಡ್ ಶುರುವಾಯಿತು. ವೇದಿಕೆ ಹತ್ತಿರ ಬರುತ್ತಿದ್ದಂತೆ ನನ್ನ ಎದೆ ಡವಡವ ಎಂದಿತು. ಅದು ಯಾವಾಗ ಕೈಗಿಳಿಯಿತೋ ಗೊತ್ತಾಗಲಿಲ್ಲ. ವೇಗ ಏರಿತು. ಮುಂದಿನ ಸಾಲಿನ ಉದ್ದ ಕಾಲಿನವರು ಹೇಗೋ ನಿಭಾಯಿಸಿದರು. ಹಿಂದಿನ ಸಾಲಿನವರು ಕುಪ್ಪಳಿಸಿ ಹೆಜ್ಜೆ ಬದಲಿಸತೊಡಗಿದರು. ಸರಿಯಾಗಿ ಸಲ್ಯೂಟ್ ಮಾಡುವ ಹೊತ್ತಿಗೆ ನಮ್ಮ ತುಕಡಿ ಸಂತೆಯಾಗಿತ್ತು. ಜನ ನಕ್ಕರು. ನಕ್ಕದ್ದು ನನ್ನನ್ನು ನೋಡಿ ಅಲ್ಲ, ಕುಪ್ಪಳಿಸುತ್ತಿದ್ದವರನ್ನು ನೋಡಿ. ತಪ್ಪು ನನ್ನದು, ಅವಮಾನ ಅವರದ್ದು. ಹವಾಲ್ದಾರ್ ಸಾಹೇಬರು ಬೈಯಲಿಲ್ಲ. 'ಜಿಸ್‌ಸೇ ಸೀಖಾ, ಉಸೀಕೇ ಪಾಸ್ ಜಾವೋ' ಎಂದರು. ಕಲಿಸಿದವರ ಹತ್ತಿರವೇ ಹೋಗು.

ಆ ಶನಿವಾರ ಊರಿಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತು ಡ್ರಮ್ಮಿನ ತಿರುಪುಗಳಿಗೆ ಎಣ್ಣೆ ಬಿಡುತ್ತಿದ್ದ. 'ಅಪ್ಪ, ಮಾರ್ಚ್‌ಗೆ ಬಾರಿಸೋದು ಸರಿಯಾಗಿ ಹೇಳಿಕೊಡು' ಎಂದೆ. ಅಪ್ಪ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಯಾಕ್ಲಾ, ಮೂರ್ತಕ್ಕೆ ಬತ್ತೀಯಾ?' ಎಂದು ನಕ್ಕ. ಮುಹೂರ್ತಕ್ಕಲ್ಲ, ಪರೇಡ್‌ಗೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ನಾನು ಡ್ರಮ್ ಬಾರಿಸುತ್ತಿರುವ ವಿಷಯ ಅವನಿಗೆ ತಿಳಿದದ್ದೇ ಆಗ.

ಅಪ್ಪ ಡ್ರಮ್ ಕೊಡಲಿಲ್ಲ. ಹಳೇ ಸೈಕಲ್ ಟ್ಯೂಬು ಸುತ್ತಿದ ಹಲಗೆಯೊಂದನ್ನು ಮುಂದಿಟ್ಟ. 'ಬಲಗೈಲಿ ಎರಡು, ಎಡಗೈಲಿ ಎರಡು. ಬಾಯಲ್ಲಿ ಅಪ್-ಪ, ಅಮ್-ಮ ಅಂತ ಹೇಳ್ಕೋ.' ಮೊದಲು ನಿಧಾನ, ಆಮೇಲೆ ಜೋರು. ಸರಿಯಾಗಿ ಬಂದರೆ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಬಟ್ಟೆ ಹರಿದಂತೆ ಒಂದೇ ದನಿಯಾಗುತ್ತದೆ. ಅದೇ ರೋಲ್. ಅಪ್ಪನಿಗೆ ಕಲಿಸಿದವರು ಮೈಸೂರಿನ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು. ಅವರು ಇದನ್ನು 'ಡ್ಯಾಡಿ-ಮಮ್ಮಿ' ಎನ್ನುತ್ತಿದ್ದರಂತೆ. ಅಪ್ಪ ಅದನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡಿದ್ದ. ಆಮೇಲೆ ಓದಿ ತಿಳಿದೆ, ಬ್ರಿಟಿಷ್ ಸೇನೆಯ ಡ್ರಮ್ಮರ್‌ಗಳು ರೋಲ್ ಕಲಿಯುವುದು ಇದೇ 'ಡ್ಯಾಡಿ-ಮಮ್ಮಿ'ಯಿಂದ. ಪಲ್ಟಣದ ಪಾಠವೊಂದು ಪೊಲೀಸ್ ಬ್ಯಾಂಡ್ ಹಾದು ನಮ್ಮ ಜಗಲಿಗೆ ಬಂದಿತ್ತು. ನಮ್ಮ ದೇಶದ ಮದುವೆ ಬ್ಯಾಂಡ್‌ಗಳ ವಾದ್ಯ, ಕೋಟು, ಟೋಪಿ ಎಲ್ಲವೂ ಬ್ರಿಟಿಷರ ಕಾಲದ ಮಿಲಿಟರಿ ಬ್ಯಾಂಡ್‌ಗಳಿಂದಲೇ ಬಂದವು.

ರೋಲ್ ಆದ ಮೇಲೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಇದರ ಹೆಸರು ಪ್ಯಾರಾಡಿಡಲ್ ಎಂದು ನಾನು ಓದಿ ತಿಳಿದದ್ದು. ಅಪ್ಪನಿಗೆ ಅದು ಬರೀ 'ತಿರುವು ಕೈ'. ಡ್ರಮ್ ಬಾರಿಸುವವರಿಗೆ ಇಂಥ ಮೂಲಪಾಠಗಳು ನಮ್ಮ ಸರಳೆ ವರಸೆ ಇದ್ದಂತೆ. ಅಮೆರಿಕದಲ್ಲಿ 1984ರಲ್ಲಿ 40 ಪಾಠಗಳ ಪಟ್ಟಿಯೊಂದನ್ನು ಮಾಡಿದ್ದಾರೆ. ಅಪ್ಪನಿಗೆ ಗೊತ್ತಿದ್ದದ್ದು ಹತ್ತೋ ಹನ್ನೆರಡೋ. ಆದರೆ ಅಷ್ಟನ್ನು ನಿದ್ದೆಗಣ್ಣಲ್ಲೂ ಬಾರಿಸುತ್ತಿದ್ದ.

ನನ್ನ ರೋಗ ಏನೆಂದು ಅವನಿಗೆ ಗೊತ್ತಾಗಿತ್ತು. 'ಹೆದರಿಕೆ ಆದ್ರೆ ಕೈ ಓಡ್ತದೆ. ಕೈ ನೋಡ್ಬ್ಯಾಡ ಕಣ್ಲಾ, ಹಿಂದ್ಗಡೆ ಬರೋರ ಕಾಲಿನ ಸದ್ದು ಕೇಳು' ಎಂದ. ಸೇನೆಯ ಕ್ವಿಕ್ ಮಾರ್ಚ್ ಎಂದರೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಅಂದರೆ ಅರ್ಧ ಸೆಕೆಂಡಿಗೊಂದು. ಎಡಗಾಲು ಊರುವಾಗ ಬೇಸ್ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಅದರ ನಡುವಿನ ಜಾಗವನ್ನು ತುಂಬಿ, ಮುಂದಿನ ಹೆಜ್ಜೆ ಎಲ್ಲಿ ಬೀಳಬೇಕೆಂದು ಮೊದಲೇ ಹೇಳುವುದು ಸೈಡ್ ಡ್ರಮ್. ಮೆರವಣಿಗೆಯಲ್ಲಿ ಜನ ಕುಣಿದಂತೆ ಡ್ರಮ್ ಓಡಬಹುದು. ಪರೇಡ್‌ನಲ್ಲಿ ಓಡುವಂತಿಲ್ಲ. ಐದು ತಿಂಗಳು ಪ್ರತಿ ಭಾನುವಾರ ಆ ಹಲಗೆಯ ಮುಂದೆ ಕೂತೆ. ಅಪ್ಪ ಹಿತ್ತಿಲಲ್ಲಿ ಹೆಜ್ಜೆ ಹಾಕುತ್ತ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದ. ನಾನು ಅವನ ಕಾಲಿನ ಸದ್ದು ಕೇಳುತ್ತ ಬಾರಿಸಬೇಕಿತ್ತು.

ಈ ನಡುವೆ ಡ್ರಮ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಐನೂರು ವರ್ಷಗಳ ಹಿಂದೆ ಸ್ವಿಸ್ ಕಾಲಾಳುಗಳು ಸಣ್ಣ ಕೊಳಲು ಮತ್ತು ಡ್ರಮ್ಮಿನೊಂದಿಗೆ ಯುದ್ಧಕ್ಕೆ ನಡೆಯುತ್ತಿದ್ದರು. ಅವರಿಂದ ಅದು ಯುರೋಪಿನ ಬೇರೆ ಸೇನೆಗಳಿಗೂ ಹರಡಿತು. ಮದ್ದಿನ ಹೊಗೆ, ಗದ್ದಲದ ನಡುವೆ ಅಧಿಕಾರಿಯ ಕೂಗು ಕೇಳುವುದಿಲ್ಲ, ಡ್ರಮ್ ಕೇಳುತ್ತದೆ. ಮುನ್ನುಗ್ಗಲು ಒಂದು ಬಡಿತ, ಹಿಂದೆ ಸರಿಯಲು ಇನ್ನೊಂದು, ಬೆಳಿಗ್ಗೆ ಏಳಲು ಮತ್ತೊಂದು. ರಾತ್ರಿ ಹೆಂಡದಂಗಡಿಗಳ ನಲ್ಲಿ ಮುಚ್ಚಿಸಿ ಸೈನಿಕರನ್ನು ಬಿಡಾರಕ್ಕೆ ಕರೆಯುವ ಬಡಿತಕ್ಕೆ, ನಲ್ಲಿ ಮುಚ್ಚಿ ಎಂಬ ಅರ್ಥದ ಡಚ್ ಮಾತಿನಿಂದ 'ಟ್ಯಾಟೂ' ಎಂಬ ಹೆಸರು ಬಂತು. ಇಂದಿನ ಮಿಲಿಟರಿ ಟ್ಯಾಟೂ ಪ್ರದರ್ಶನಗಳ ಹೆಸರಿನ ಮೂಲ ಅದು. ಬಾರಿಸುವವರಲ್ಲಿ ಎಷ್ಟೋ ಜನ ಹದಿಹರೆಯದ ಹುಡುಗರು. ಹತ್ತೊಂಬತ್ತನೇ ಶತಮಾನದಲ್ಲಿ ಬ್ಯೂಗಲ್ ಈ ಕೆಲಸವನ್ನು ವಹಿಸಿಕೊಂಡ ಮೇಲೆ ಡ್ರಮ್ ಪರೇಡ್ ಮೈದಾನಕ್ಕೆ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಗಳ ಬ್ಯಾಂಡಿನವರು ವಾದ್ಯ ಕೆಳಗಿಟ್ಟು, ಗಾಯಾಳುಗಳ ಸ್ಟ್ರೆಚರ್ ಹೊತ್ತರು.

ಪ್ರತಿ ವರ್ಷ ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಅನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅದು ಸೋತು ಹಿಂದೆ ಸರಿಯುವುದಲ್ಲ. ಸೂರ್ಯ ಮುಳುಗುವಾಗ ಕಾಳಗ ನಿಲ್ಲಿಸಿ ಬಿಡಾರಕ್ಕೆ ಮರಳಿ ಎಂದು ಬಾರಿಸುತ್ತಿದ್ದ ಡ್ರಮ್ಮಿನ ನೆನಪು. ಅಲ್ಲಿ ಡ್ರಮ್ಮರ್‌ಗಳಿಗೆಂದೇ 'ಡ್ರಮ್ಮರ್ಸ್ ಕಾಲ್' ಎಂಬ ಭಾಗವಿದೆ. ನಮ್ಮ ಸೇನೆಯ ವಾದ್ಯಗಾರರು ತರಬೇತಾಗುವುದು ಮಧ್ಯಪ್ರದೇಶದ ಪಚ್‌ಮಢಿಯಲ್ಲಿರುವ ಮಿಲಿಟರಿ ಮ್ಯೂಸಿಕ್ ವಿಂಗ್‌ನಲ್ಲಿ. ಅದು 1950ರಲ್ಲಿ ಶುರುವಾದದ್ದು ಆಗ ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರ ಪ್ರೋತ್ಸಾಹದಿಂದ.

ಜನವರಿ 26ಕ್ಕೆ ಅಪ್ಪನನ್ನು ಕರೆದೆ. 'ನಾನ್ಯಾಕ್ಲಾ ಅಲ್ಲಿಗೆ' ಎಂದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕಾಂಪೌಂಡ್ ಪಕ್ಕ ನಿಂತಿದ್ದ. ವೇದಿಕೆ ಹತ್ತಿರ ಬಂದಾಗ ಎದೆ ಮತ್ತೆ ಡವಡವ ಎಂದಿತು. ಹಿಂದಿನವರ ಬೂಟಿನ ಸದ್ದಿಗೆ ಕಿವಿಗೊಟ್ಟೆ. ಯಾರೂ ಕುಪ್ಪಳಿಸಲಿಲ್ಲ. ಯಾರೂ ಡ್ರಮ್ ಕಡೆ ನೋಡಲೂ ಇಲ್ಲ. ಚಪ್ಪಾಳೆ ತುಕಡಿಗೆ ಬಿತ್ತು.

ಪರೇಡ್ ಮುಗಿದ ಮೇಲೆ ಹವಾಲ್ದಾರ್ ಸಾಹೇಬರು ಬೆನ್ನು ತಟ್ಟಿ, ಮತ್ತೆ ಅದೇ ಪ್ರಶ್ನೆ ಕೇಳಿದರು: 'ಕಹಾಂ ಸೀಖಾ?' ಈ ಸಲ ಕಾಂಪೌಂಡ್ ಕಡೆ ಕೈ ತೋರಿಸಿದೆ. 'ನಮ್ಮಪ್ಪ, ಸರ್. ಬ್ಯಾಂಡ್ ಸೆಟ್‌ನಲ್ಲಿ ಬಾರಿಸ್ತಾನೆ.' ಗೆಳೆಯರು ಪಕ್ಕದಲ್ಲೇ ಇದ್ದರು. ಸಾಹೇಬರು ಅಪ್ಪನನ್ನು ಕರೆದು ಡ್ರಮ್ ಕೈಗಿತ್ತರು. ಅಪ್ಪ ಮೊದಲು ಕೆಳಗಿನ ತಂತಿ ಮುಟ್ಟಿ ನೋಡಿದ, ತಿರುಪು ಕಾಲು ಸುತ್ತು ಬಿಗಿ ಮಾಡಿದ. ಆಮೇಲೆ ಒಂದು ರೋಲ್ ಬಾರಿಸಿದ. ಇರುವೆ ಹರಿದಂತೆ ಶುರುವಾಗಿ ಮಳೆ ಹೊಯ್ದಂತಾಗಿ ಮತ್ತೆ ಇರುವೆಯಾಯಿತು. ಬೂಟು ಬಿಚ್ಚುತ್ತಿದ್ದ ಕೆಡೆಟ್‌ಗಳು ಹಾಗೇ ನಿಂತರು. ಅಪ್ಪ ನಾಚಿಕೊಂಡು ಡ್ರಮ್ ನನಗೆ ಕೊಟ್ಟುಬಿಟ್ಟ.

ಈಗ ಡಿಗ್ರಿ ಮುಗಿದಿದೆ. ಕೆಲಸ ಹುಡುಕುತ್ತಿದ್ದೇನೆ. ಡ್ರಮ್, ಕ್ಲಾರಿಯೋನೆಟ್, ಟ್ರಂಪೆಟ್ ಬರುವ ನನ್ನಂಥವರಿಗೆ ಒಂದು ಮಾತು: ಕೆಎಸ್‌ಆರ್‌ಪಿಯಲ್ಲಿ ಬ್ಯಾಂಡ್ಸ್‌ಮನ್ ಹುದ್ದೆಗಳಿವೆ. ವಾಯುಪಡೆ, ನೌಕಾಪಡೆಗಳು ಅಗ್ನಿವೀರ್ ಯೋಜನೆಯಲ್ಲಿ ಸಂಗೀತಗಾರರನ್ನು ಪ್ರತ್ಯೇಕವಾಗಿ ಆಯ್ಕೆ ಮಾಡುತ್ತವೆ. ದೈಹಿಕ ಪರೀಕ್ಷೆಯ ಜೊತೆಗೆ ವಾದ್ಯ ನುಡಿಸಿ ತೋರಿಸಬೇಕು. ಅಧಿಸೂಚನೆಗಳನ್ನು ಪೂರ್ತಿ ಓದಿ. ದಸರಾದಲ್ಲಿ ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಹೋದರೆ ಪೊಲೀಸ್ ಬ್ಯಾಂಡಿನ ಕೈಗಳನ್ನು ಗಮನಿಸಿ. ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೆಲಸ ಸಿಗುವವರೆಗೆ ಮದುವೆ ಸೀಸನ್‌ನಲ್ಲಿ ಅಪ್ಪನ ಜೊತೆ ಹೋಗುತ್ತೇನೆ, ಅದೇ ಕೆಂಪು ಕೋಟು ಹಾಕಿಕೊಂಡು. ಕಳೆದ ಏಪ್ರಿಲ್‌ನಲ್ಲಿ ನನ್ನ ಕಾಲೇಜಿನವನೊಬ್ಬನ ಮದುವೆಯಲ್ಲೂ ಬಾರಿಸಿದೆವು. ಗೆಳೆಯರು ಬಂದು ಸೆಲ್ಫಿ ತೆಗೆದುಕೊಂಡರು. ಊಟಕ್ಕೆ ಮಾತ್ರ ಮತ್ತೆ ಕೊನೇ ಪಂಕ್ತಿ. ಜನವರಿ 26ರಂದು ಮೈದಾನವೇ ಎದ್ದುನಿಂತು ಗೌರವಿಸುವ ದನಿ, ಮದುವೆ ಮನೆಯಲ್ಲಿ ಅನ್ನ ತಣ್ಣಗಾಗುವವರೆಗೆ ಕಾಯಬೇಕು. ಡ್ರಮ್ ಅದೇ, ರೋಲ್ ಅದೇ. ನಿಮ್ಮ ಮನೆಯಲ್ಲಿ ಮದುವೆಯಾದಾಗ ಬ್ಯಾಂಡಿನವರನ್ನು ಎಲೆ ಮುಂದೆ ಮೊದಲೇ ಕೂರಿಸಿ. ಅವರು ಎರಡು ಮೈಲಿ ನಡೆದು ಬಂದಿರುತ್ತಾರೆ, ಹೆಗಲಲ್ಲಿ ಭಾರ ಹೊತ್ತುಕೊಂಡು.

ಮೊನ್ನೆ ಒಂದು ಅರ್ಜಿ ತುಂಬಿದೆ. 'ತಂದೆಯ ಉದ್ಯೋಗ' ಎಂಬಲ್ಲಿ 'ಸೈಡ್ ಡ್ರಮ್ ವಾದಕ' ಎಂದು ಬರೆದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, 'ಇದ್ರಿಂದ ನಿಂಗೆ ಕೆಲ್ಸ ಸಿಗ್ದೆ ಹೋದಾತು ಕಣ್ಲಾ' ಎಂದ. ಅಳಿಸು ಅಂತ ಮಾತ್ರ ಹೇಳಲಿಲ್ಲ.