ಮಿನಾರಿನ ಪಾರಿವಾಳಗಳು

ಶ್ರೀರಂಗಪಟ್ಟಣದ ಬೆಂಗಳೂರು ಬಾಗಿಲಿನ ಹತ್ತಿರ, ಎತ್ತರದ ಜಗಲಿಯ ಮೇಲೆ ಮಸ್ಜಿದ್-ಎ-ಆಲಾ ನಿಂತಿದೆ. ಅದರ ಎರಡು ಮಿನಾರುಗಳಿಗೂ ಎಂಟೆಂಟು ಮುಖ, ಎರಡೆರಡು ಹಂತ. ಹಂತಗಳ ನಡುವೆ ಬಾಲ್ಕನಿ, ನೆತ್ತಿಯಲ್ಲಿ ಉಬ್ಬಿದ ಗುಮ್ಮಟ. ಮಿನಾರಿನ ಮೈಯಲ್ಲಿ ಪಾರಿವಾಳಗಳಿಗೆಂದೇ ಬಿಟ್ಟ ಗೂಡುಗಳು. ಟಿಪ್ಪು ಸುಲ್ತಾನ 1787ರ ಹೊತ್ತಿಗೆ ಕಟ್ಟಿಸಿದ ಈ ಮಸೀದಿಗೆ ನಾನು ಹೋಗುವುದು ಆ ಗೂಡುಗಳಿಗಾಗಿ.

ನಮ್ಮೂರು ಅಡ್ಡಗದ್ದೆಯ ತೋಟದಲ್ಲಿ ಚೋರೆಹಕ್ಕಿ ಕೊಂಬೆಯ ಕವಲಿನಲ್ಲಿ ನಾಲ್ಕು ಕಡ್ಡಿ ಹಾಸಿ ಮೊಟ್ಟೆಯಿಡುತ್ತದೆ; ಕೆಳಗೆ ನಿಂತರೆ ಕಡ್ಡಿಗಳ ಸಂದಿಯಲ್ಲಿ ಮೊಟ್ಟೆಯ ಬಿಳುಪು ಕಾಣುತ್ತದೆ. ಪಾರಿವಾಳಕ್ಕೆ ಕೊಂಬೆ ಒಗ್ಗದು. ಅದು ಬಂಡೆಯ ಬಿರುಕಿನಲ್ಲಿ ಹುಟ್ಟಿ ಬೆಳೆದ ಕುಲ. ಸುಣ್ಣದ ಗಾರೆಯ ಈ ಎತ್ತರವೂ ಅದಕ್ಕೆ ಬಂಡೆಯೇ.

ಬೆಳಗಿನ ಮೊದಲ ಬೆಳಕಿಗೆ ಎಲ್ಲವೂ ಒಂದೇ ಬೂದಿ ಬಣ್ಣ. ಬಿಸಿಲು ಓರೆಯಾಗಿ ತಗುಲಿದಾಗ ಒಂದೊಂದೇ ಕೊರಳು ಹೊಳೆಯತೊಡಗುತ್ತದೆ: ಹಸಿರು, ಹಕ್ಕಿ ಸ್ವಲ್ಪ ತಿರುಗಿದರೆ ನೇರಳೆ. ಮಡಚಿದ ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ. ಕಾಲು ಕೆಂಪು, ಕಣ್ಣು ಕಿತ್ತಳೆಗೆಂಪು. ಗಂಡು ಕೊರಳುಬ್ಬಿಸಿ, ತಲೆ ತಗ್ಗಿಸಿ, ಹರಡಿದ ಬಾಲವನ್ನು ಕಟ್ಟೆಗೆ ಸವರುತ್ತ ಸುತ್ತು ಹಾಕುತ್ತದೆ. ಗೂಡು ಕಟ್ಟುವಾಗ ಅದರ ನಡೆ ಬೇರೆ. ಒಂದು ಸಲಕ್ಕೆ ಒಂದೇ ಕಡ್ಡಿ ತರುತ್ತದೆ. ಕುಳಿತಿರುವ ಹೆಣ್ಣಿನ ಬೆನ್ನೇರಿ, ಅದರ ಭುಜದ ಮೇಲಿನಿಂದ ಕಡ್ಡಿಯನ್ನು ಮುಂದಿಡುತ್ತದೆ. ಹೆಣ್ಣು ಅದನ್ನು ಕೊಕ್ಕಿನಿಂದ ಎಳೆದು ಎದೆಯಡಿ ಸೇರಿಸಿಕೊಳ್ಳುತ್ತದೆ. ಗಂಡು ಮತ್ತೆ ಹಾರುತ್ತದೆ, ಮತ್ತೊಂದು ಕಡ್ಡಿ. ಇಷ್ಟು ನಿಧಾನದ ಕಟ್ಟೋಣ ನನಗೆ ಬಹಳ ಇಷ್ಟ.

ಈ ಮಸೀದಿ ಏಳುತ್ತಿದ್ದ ಕಾಲದಲ್ಲೇ, 1786ರಲ್ಲಿ, ಟಿಪ್ಪುವಿನ ರಾಯಭಾರಿಗಳು ಗುಲಾಂ ಅಲಿ ಖಾನನ ಮುಂದಾಳುತನದಲ್ಲಿ ನಮ್ಮ ಕರಾವಳಿಯ ತದಡಿಯಿಂದ ಹಡಗು ಹತ್ತಿದ್ದರು. ಮಸ್ಕತ್, ಬಸ್ರಾ ದಾಟಿ ಮರುವರ್ಷ ಇಸ್ತಾಂಬುಲ್ ಮುಟ್ಟಿ ಆಟೊಮನ್ ಸುಲ್ತಾನ ಮೊದಲನೆಯ ಅಬ್ದುಲ್ ಹಮೀದನನ್ನು ಕಂಡರು. ಆ ನಗರದ ಉಸ್ಕುದಾರಿನಲ್ಲಿ, 1760ರ ಸುಮಾರಿಗೆ ಮುಗಿದ ಅಯಾಜ್ಮಾ ಮಸೀದಿಯ ಹೊರಗೋಡೆಯಲ್ಲಿ ಕಲ್ಲಿನ ಪುಟ್ಟ ಹಕ್ಕಿಮನೆಗಳಿವೆ, ಕಿಟಕಿ-ಛಾವಣಿಗಳೊಡನೆ ಕಡೆದವು. ಒಂದು ಇನ್ನೊಂದರ ನಕಲು ಎಂದು ಹೇಳಲಾರೆ. ಅಷ್ಟು ದೂರದ ಎರಡು ಊರುಗಳಲ್ಲಿ ಕಟ್ಟುವವರು ಹಕ್ಕಿಗೂ ಜಾಗ ಅಳೆದಿಟ್ಟರಲ್ಲ, ಅದು ನನಗೆ ದೊಡ್ಡದು.

ಮಿನಾರಿನ ಗೂಡುಗಳಲ್ಲಿ ಕಾವು ಕೂರುವುದು ಸರದಿಯಲ್ಲಿ. ರಾತ್ರಿಯೆಲ್ಲ ಹೆಣ್ಣು, ಬಿಸಿಲೇರಿದ ಮೇಲೆ ಗಂಡು ಬಂದು ಗೂಡಿನ ಬಾಯಲ್ಲಿ ನಿಲ್ಲುತ್ತದೆ. ಹೆಣ್ಣು ಕೂಡಲೇ ಏಳುವುದಿಲ್ಲ. ಗಂಡು ಪಕ್ಕಕ್ಕೆ ಒತ್ತಿ ಒತ್ತಿ ಎದೆಯನ್ನು ತಗ್ಗಿಸಿದ ಮೇಲೆಯೇ ಅದು ಸರಿದು, ಒಂದು ಕಾಲು, ಒಂದು ರೆಕ್ಕೆ ಒಟ್ಟಿಗೆ ಚಾಚಿ ಜಡ ಬಿಡಿಸಿಕೊಳ್ಳುತ್ತದೆ. ಸಂಜೆಗೆ ಮುಂಚೆ ಅದು ಮರಳುವವರೆಗೂ ಮೊಟ್ಟೆಗಳೆರಡೂ ಗಂಡಿನ ಪಾಲು.