ಕೈ ಬಲ್ಲದ್ದನ್ನು ಬಾಯಿಯೂ ಹೇಳಬೇಕು: ಭಾರಿ ಯಂತ್ರಗಳ ಚಾಲಕರನ್ನು ಪ್ರಮಾಣಪತ್ರ ಪರೀಕ್ಷೆಗೆ ಸಿದ್ಧಗೊಳಿಸುವ ಬಗೆ

ಹದಿನೈದು ವರ್ಷಗಳಿಂದ ಮಣ್ಣು ಅಗೆಯುವ ಯಂತ್ರವನ್ನು ನಡೆಸುತ್ತಿರುವ ಒಬ್ಬ ಆಪರೇಟರರನ್ನು ಕಣ್ಣಮುಂದೆ ತಂದುಕೊಳ್ಳಿ. ಗುಂಡಿಯ ತಳದಲ್ಲಿ ಹಾದುಹೋಗಿರುವ ನೀರಿನ ಪೈಪಿಗೆ ಬಕೆಟ್ಟಿನ ಹಲ್ಲು ತಾಗದಂತೆ ಮಣ್ಣು ಎತ್ತಬಲ್ಲ ಕುಶಲಿ ಅವರು. ಅಂಥವರು ಪ್ರಮಾಣಪತ್ರದ ಪರೀಕ್ಷೆಗೆ ಹೋಗುತ್ತಾರೆ. ‘ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡುವ ಮೊದಲು ಏನೇನು ಪರಿಶೀಲಿಸುತ್ತೀರಿ?’ ಎಂದು ಪರೀಕ್ಷಕರು ಕೇಳುತ್ತಾರೆ. ‘ಎಲ್ಲಾ ನೋಡ್ತೀನಿ ಸಾರ್’ ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಅದಕ್ಕೆ ಅಂಕವೂ ಇಲ್ಲ.

ನಮ್ಮ ಸದಸ್ಯರಲ್ಲಿ ಅನೇಕರು ಒಂದೆರಡು ಯಂತ್ರಗಳನ್ನು ಬಾಡಿಗೆಗೆ ಬಿಡುವವರು, ಜಲ್ಲಿ ಕ್ರಷರ್ ನಡೆಸುವವರು, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಇಟ್ಟುಕೊಂಡವರು, ಕಾರ್ಖಾನೆಯಲ್ಲಿ ಕ್ರೇನ್ ಬಳಸುವವರು ಇದ್ದಾರೆ. ದೊಡ್ಡ ಗುತ್ತಿಗೆದಾರರು ಕಾಮಗಾರಿಯ ಸ್ಥಳಕ್ಕೆ ಯಂತ್ರವನ್ನು ಸೇರಿಸಿಕೊಳ್ಳುವಾಗ ಯಂತ್ರದ ದಾಖಲೆಗಳೊಂದಿಗೆ ಆಪರೇಟರ್‌ನ ಪ್ರಮಾಣಪತ್ರವನ್ನೂ ಕೇಳುವುದುಂಟು. ಆದುದರಿಂದ ಈ ಪರೀಕ್ಷೆ ಕೇವಲ ನೌಕರನ ಸ್ವಂತ ವಿಷಯವಾಗಿ ಉಳಿದಿಲ್ಲ. ಅದಕ್ಕೆ ಅವನನ್ನು ಸಿದ್ಧಗೊಳಿಸುವುದು ಮಾಲೀಕನ ಹೊಣೆಯೇ ಎಂಬುದನ್ನು ಈ ಲೇಖನದಲ್ಲಿ ನಿವೇದಿಸಲು ಬಯಸುತ್ತೇವೆ.

ಲೈಸೆನ್ಸ್ ಬೇರೆ, ಪ್ರಮಾಣಪತ್ರ ಬೇರೆ

‘ನಮ್ಮ ಆಪರೇಟರ್‌ಗೆ ಲೈಸೆನ್ಸ್ ಇದೆಯಲ್ಲ, ಮತ್ತೇಕೆ ಇನ್ನೊಂದು ಕಾಗದ?’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಕೇಂದ್ರ ಮೋಟಾರು ವಾಹನ ನಿಯಮಗಳು ನಿರ್ಮಾಣ ಯಂತ್ರವಾಹನವನ್ನು ನಿರೂಪಿಸುವಾಗ, ರಸ್ತೆಯ ಮೇಲಿನ ಅದರ ಸಂಚಾರವು ರಸ್ತೆಯಾಚೆಗಿನ ಮುಖ್ಯ ಕೆಲಸಕ್ಕೆ ಆನುಷಂಗಿಕವಾದುದು ಎಂದೇ ಹೇಳುತ್ತವೆ. ಸಾರಿಗೆ ಕಚೇರಿ ನೀಡುವ ಲೈಸೆನ್ಸ್ ವಾಹನವನ್ನು ರಸ್ತೆಯಲ್ಲಿ ನಡೆಸುವುದಕ್ಕೆ ಸಂಬಂಧಿಸಿದ್ದು. ಗುಂಡಿಯ ಅಂಚಿನಿಂದ ಎಷ್ಟು ದೂರ ನಿಲ್ಲಬೇಕು, ಎಷ್ಟು ಭಾರವನ್ನು ಎಷ್ಟು ದೂರಕ್ಕೆ ಚಾಚಬಹುದು ಎಂಬ ಜ್ಞಾನಕ್ಕೆ ಅದು ಸಾಕ್ಷಿಯಲ್ಲ.

ಈ ಕೊರತೆಯನ್ನು ತುಂಬಲು ಬಂದುದೇ ಕೌಶಲ ಪ್ರಮಾಣಪತ್ರ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದರ ಅಡಿಯಲ್ಲಿ ಮೂಲಸೌಕರ್ಯ ಯಂತ್ರೋಪಕರಣಗಳ ಕೌಶಲ ಮಂಡಳಿಯು ಬ್ಯಾಕ್‌ಹೋ ಲೋಡರ್, ಎಕ್ಸ್‌ಕವೇಟರ್, ಕ್ರೇನ್ ಮುಂತಾದ ಯಂತ್ರಗಳ ಆಪರೇಟರ್‌ಗಳಿಗೆ ಪ್ರತ್ಯೇಕ ಅರ್ಹತಾ ಮಾನದಂಡಗಳನ್ನು ರೂಪಿಸಿತು. 2015ರ ಜುಲೈನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯು ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ದಾರಿಯನ್ನೂ ತೆರೆಯಿತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆ, ಹೆಲ್ಪರ್ ಆಗಿ ಸೇರಿ, ಉಸ್ತಾದರ ಪಕ್ಕದಲ್ಲಿ ನಿಂತು ಕೆಲಸ ಕಲಿತವರ ಅನುಭವವನ್ನು ಪರೀಕ್ಷಿಸಿ ಮಾನ್ಯ ಮಾಡುವುದು ಇದರ ಉದ್ದೇಶ. ನಮ್ಮ ಆಪರೇಟರ್‌ಗಳಲ್ಲಿ ಬಹುತೇಕರು ಬಂದದ್ದು ಇದೇ ಹಾದಿಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಅನುಭವಿಗಳು ಎಡವುವುದೆಲ್ಲಿ?

ಈ ಪರೀಕ್ಷೆಯಲ್ಲಿ ತಿಳಿವಳಿಕೆಯನ್ನೂ ಕೈಗೆಲಸವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಕೈಗೆಲಸದಲ್ಲಿ ಹಳಬರು ಹಿಂದೆ ಬೀಳುವುದು ಅಪರೂಪ. ಅವರು ಎಡವುವ ಜಾಗಗಳು ಮುಖ್ಯವಾಗಿ ಮೂರು.

ಮೊದಲನೆಯದು, ಪದಗಳು. ನಮ್ಮಲ್ಲಿ ಯಾವ ಕಂಪನಿಯದಾದರೂ ಹಿಂದೆ ತೋಡಿ ಮುಂದೆ ತುಂಬುವ ಯಂತ್ರ ‘ಜೆಸಿಬಿ’. ಸರಪಳಿ ಚಕ್ರದ ಮೇಲೆ ತಿರುಗಿ ಅಗೆಯುವ ಯಂತ್ರ ‘ಹಿಟಾಚಿ’. ಪ್ರಶ್ನೆಪತ್ರಿಕೆಯಲ್ಲಾದರೋ ‘ಬ್ಯಾಕ್‌ಹೋ ಲೋಡರ್’, ‘ಎಕ್ಸ್‌ಕವೇಟರ್’, ‘ಸ್ಟೆಬಿಲೈಸರ್’ ಎಂಬ ಹೆಸರುಗಳಿರುತ್ತವೆ. ದಿನವೂ ಕೈಯಲ್ಲಿ ಆಡಿಸುವ ವಸ್ತುವನ್ನೇ ಅಪರಿಚಿತ ಹೆಸರಿನಿಂದ ಕೇಳಿದಾಗ ಬಲ್ಲವರೂ ತಬ್ಬಿಬ್ಬಾಗುತ್ತಾರೆ.

ಎರಡನೆಯದು, ರೂಢಿ. ಸೀಟುಬೆಲ್ಟ್ ಹಾಕದಿರುವುದು, ಊಟಕ್ಕೆ ಇಳಿಯುವಾಗ ಬಕೆಟ್ಟನ್ನು ಗಾಳಿಯಲ್ಲೇ ಬಿಡುವುದು, ಹೆಲ್ಪರ್‌ನನ್ನು ಯಂತ್ರದ ಪಕ್ಕದಲ್ಲಿ ನೇತಾಡಿಸಿಕೊಂಡು ಹೋಗುವುದು ಮುಂತಾದವು ಏನೂ ಆಗದೆ ವರ್ಷಗಟ್ಟಲೆ ನಡೆದುಬಂದಿರುತ್ತವೆ. ಪರೀಕ್ಷಕರ ಮುಂದೆಯೂ ಕೈ ಅದೇ ರೂಢಿಯನ್ನು ಅನುಸರಿಸುತ್ತದೆ. ಹೈಡ್ರಾಲಿಕ್ ಹೋಸಿನ ಸೋರಿಕೆಯನ್ನು ಬರಿಗೈಯಿಂದ ತಡವಿ ನೋಡುವುದು ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು. ಸೂಜಿಮೊನೆಯಷ್ಟು ರಂಧ್ರದಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಸೇರಬಲ್ಲದು. ಹಾಗಾದಾಗ ತಡಮಾಡದೆ ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ರಟ್ಟಿನ ತುಂಡು ಹಿಡಿದು ನೋಡಬೇಕು, ಕೈ ಹಾಕುವ ಮೊದಲು ಯಂತ್ರವನ್ನು ನಿಲ್ಲಿಸಿ ಒತ್ತಡ ಇಳಿಸಬೇಕು ಎಂಬುದೇ ಸರಿಯಾದ ಉತ್ತರ.

ಮೂರನೆಯದು, ಲೆಕ್ಕ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ.

ಕೆಲಸದ ಸ್ಥಳದ ಲೆಕ್ಕಗಳು

ಕ್ರೇನಿನ ಮೇಲೆ ‘10 ಟನ್’ ಎಂದು ಬರೆದಿದ್ದರೆ ಅದು ಎಲ್ಲ ಸಂದರ್ಭಗಳಲ್ಲೂ 10 ಟನ್ ಎತ್ತುತ್ತದೆ ಎಂದು ಅರ್ಥವಲ್ಲ. ಬೂಮ್ ಚಾಚಿದಂತೆ, ಭಾರವು ಕ್ರೇನಿನಿಂದ ದೂರ ಸರಿದಂತೆ ಆ ಸಾಮರ್ಥ್ಯ ವೇಗವಾಗಿ ಕುಸಿಯುತ್ತದೆ. ಎಷ್ಟು ದೂರಕ್ಕೆ ಎಷ್ಟು ಭಾರ ಎಂಬುದನ್ನು ಕ್ಯಾಬಿನ್ನಿನಲ್ಲಿರುವ ಲೋಡ್ ಚಾರ್ಟ್ ಹೇಳುತ್ತದೆ. ಎತ್ತುವ ವಸ್ತು 3 ಟನ್, ಕೊಕ್ಕೆಯ ಬ್ಲಾಕ್ 150 ಕಿಲೋ, ಸ್ಲಿಂಗ್‌ಗಳು 50 ಕಿಲೋ ಇದ್ದರೆ ಚಾರ್ಟಿನೊಂದಿಗೆ ಹೋಲಿಸಬೇಕಾದ ಭಾರ 3 ಟನ್ ಅಲ್ಲ, 3.2 ಟನ್. ಈ 200 ಕಿಲೋವನ್ನು ಮರೆತವರು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಸ್ಥಳದಲ್ಲಿ ಕ್ರೇನನ್ನೇ ಉರುಳಿಸಿಕೊಳ್ಳಬಹುದು.

ಸ್ಲಿಂಗ್‌ನ ಲೆಕ್ಕವೂ ಹಾಗೆಯೇ. 2 ಟನ್ ಭಾರವನ್ನು ಎರಡು ಕಾಲಿನ ಸ್ಲಿಂಗ್‌ನಿಂದ ಎತ್ತಿದರೆ ಒಂದೊಂದು ಕಾಲಿಗೆ 1 ಟನ್ ಬೀಳುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಕಾಲುಗಳು ನೆಟ್ಟಗೆ ನಿಂತಾಗ ಮಾತ್ರ ಅದು ನಿಜ. ಸ್ಲಿಂಗ್ ನೆಲದ ಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಕಾಲಿನ ಎಳೆತ ಸುಮಾರು 1.15 ಟನ್, 45 ಡಿಗ್ರಿಯಲ್ಲಿ 1.41 ಟನ್, 30 ಡಿಗ್ರಿಗೆ ಇಳಿದರೆ ಪೂರಾ 2 ಟನ್. ಚಿಕ್ಕ ಸ್ಲಿಂಗನ್ನು ಅಗಲವಾದ ವಸ್ತುವಿಗೆ ಎಳೆದು ಕಟ್ಟಿದಾಗ ಅದು ತುಂಡಾಗುವುದು ಇದೇ ಕಾರಣದಿಂದ.

ಫೋರ್ಕ್‌ಲಿಫ್ಟ್ ಇರುವವರು ಇನ್ನೊಂದು ಲೆಕ್ಕ ಕಲಿಸಬೇಕು. 3 ಟನ್ ಸಾಮರ್ಥ್ಯವನ್ನು ಭಾರದ ಕೇಂದ್ರವು ಫೋರ್ಕಿನ ಮುಖದಿಂದ 500 ಮಿಲಿಮೀಟರ್ ದೂರದಲ್ಲಿದೆ ಎಂದು ಭಾವಿಸಿ ಹೇಳಿರುತ್ತಾರೆ. ಮುಂದಿನ ಅಚ್ಚಿನಿಂದ ಫೋರ್ಕಿನ ಮುಖಕ್ಕೆ 500 ಮಿಲಿಮೀಟರ್ ಅಂತರ ಇದೆ ಎಂದುಕೊಳ್ಳೋಣ. ಪೆಟ್ಟಿಗೆ ಉದ್ದವಾಗಿದ್ದು ಅದರ ಕೇಂದ್ರ 700 ಮಿಲಿಮೀಟರಿಗೆ ಸರಿದರೆ, ಅದೇ ಯಂತ್ರ ಹೊರಬಹುದಾದದ್ದು ಸುಮಾರು 2.5 ಟನ್ ಮಾತ್ರ. ನಿಖರ ಸಂಖ್ಯೆಗೆ ಯಂತ್ರದ ಫಲಕವನ್ನೇ ನೋಡಬೇಕು. ಆದರೆ ಸಂಖ್ಯೆ ಏಕೆ ಇಳಿಯುತ್ತದೆ ಎಂಬುದು ಚಾಲಕರಿಗೆ ತಿಳಿದಿರಬೇಕು. ತಕ್ಕಡಿಯ ದಂಡವನ್ನು ಕಂಡ ಯಾವ ವ್ಯಾಪಾರಿಗೂ ಇದನ್ನು ವಿವರಿಸುವುದು ಕಷ್ಟವಲ್ಲ.

ಮಣ್ಣಿನ ಕೆಲಸದವರು ನೆನಪಿಡಬೇಕಾದ ಅಂಕಿ 1.5 ಮೀಟರ್. ಅದಕ್ಕಿಂತ ಆಳವಾದ ಕಾಲುವೆಯ ಬದಿಗಳಿಗೆ ಆಧಾರ ಕೊಡಬೇಕು ಇಲ್ಲವೇ ಇಳಿಜಾರು ಮಾಡಬೇಕು. ಅಗೆದ ಮಣ್ಣನ್ನು ಅಂಚಿನಲ್ಲಿಯೇ ರಾಶಿ ಹಾಕಬಾರದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ. ಅಂಚು ಕುಸಿದರೆ ಕೆಳಗಿರುವ ಕೂಲಿಯವನಿಗೆ ಓಡಲು ಸಮಯವಿರುವುದಿಲ್ಲ.

ಆರು ವಾರಗಳ ಸಿದ್ಧತೆ

ಇದಕ್ಕೆ ದೊಡ್ಡ ತರಬೇತಿ ಕೇಂದ್ರವೇ ಬೇಕೆಂದಿಲ್ಲ. ವಾರಕ್ಕೆ ಎರಡು ಬಾರಿ, ಒಂದೊಂದು ಗಂಟೆ, ಕೆಲಸ ಆರಂಭಿಸುವ ಮೊದಲು ಯಂತ್ರದ ಪಕ್ಕದಲ್ಲಿಯೇ ನಡೆಸಬಹುದಾದ ಒಂದು ಕ್ರಮವನ್ನು ಇಲ್ಲಿ ಸೂಚಿಸಿದೆ.

1. ಮೊದಲ ವಾರ ಹೆಸರುಗಳು. ಯಂತ್ರದ ಭಾಗಗಳ ಮೇಲೆ ಬಳಕೆಯ ಹೆಸರನ್ನೂ ಪರೀಕ್ಷೆಯ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆದ ಚೀಟಿ ಅಂಟಿಸಿರಿ. ಓದಲು ಬಾರದವರಿಗೆ ಬಾಯಿಪಾಠ ಮಾಡಿಸಿರಿ.

2. ಎರಡನೆಯ ವಾರ ಮುಂಜಾನೆಯ ಪರಿಶೀಲನೆ. ಎಂಜಿನ್ ಎಣ್ಣೆ, ಹೈಡ್ರಾಲಿಕ್ ಎಣ್ಣೆ, ತಂಪುನೀರು, ಟಯರು ಇಲ್ಲವೇ ಸರಪಳಿ, ಪಿನ್ನು ಮತ್ತು ಬುಷ್, ಹೋಸುಗಳು, ಹಾರ್ನ್, ದೀಪ, ಕನ್ನಡಿ ಎಂದು ಯಂತ್ರವನ್ನು ಒಂದು ಸುತ್ತು ಬರುತ್ತಾ ಗಟ್ಟಿಯಾಗಿ ಹೇಳಿಸಿರಿ. ‘ಎಲ್ಲಾ ನೋಡ್ತೀನಿ’ ಎಂಬ ಮಾತು ಹೀಗೆ ಹತ್ತಾರು ಉತ್ತರಗಳಾಗುತ್ತದೆ.

3. ಮೂರನೆಯ ವಾರ ಲೆಕ್ಕ. ತಮ್ಮದೇ ಯಂತ್ರದ ಚಾರ್ಟ್, ತಮ್ಮದೇ ಸ್ಲಿಂಗ್, ತಮ್ಮದೇ ಮೀಟರ್ ಇಟ್ಟುಕೊಂಡು ಕಲಿಸಿರಿ. ಉದಾಹರಣೆಗೆ, ಎಣ್ಣೆ ಬದಲಾವಣೆ 250 ಗಂಟೆಗೊಮ್ಮೆ ಎಂದಿದ್ದು, ಹಿಂದಿನ ಸರ್ವಿಸ್ 4,640 ಗಂಟೆಗೆ ಆಗಿದ್ದರೆ, ಮೀಟರ್ ಈಗ 4,860 ತೋರಿಸುವಾಗ ಉಳಿದಿರುವುದು 30 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ ನಾಲ್ಕು ದಿನವೂ ಇಲ್ಲ.

4. ನಾಲ್ಕನೆಯ ವಾರ ಕೈಸನ್ನೆಗಳು. ಸನ್ನೆ ಕೊಡುವವನು ಒಬ್ಬನೇ ಇರಬೇಕು; ಆದರೆ ‘ನಿಲ್ಲಿಸು’ ಎಂಬ ಸನ್ನೆಯನ್ನು ಯಾರು ಕೊಟ್ಟರೂ ಪಾಲಿಸಬೇಕು. ಹೆಲ್ಪರ್‌ಗಳನ್ನೂ ಈ ಪಾಠಕ್ಕೆ ಸೇರಿಸಿಕೊಳ್ಳಿರಿ.

5. ಐದನೆಯ ವಾರ ಆಪತ್ತು. ಮೇಲೆ ವಿದ್ಯುತ್ ತಂತಿ ಇದ್ದರೆ ಏನು ಮಾಡಬೇಕು? ಯಂತ್ರ ವಾಲಿದರೆ ಜಿಗಿಯಬೇಕೇ, ಕೂರಬೇಕೇ? ಬೆಲ್ಟ್ ಬಿಗಿದುಕೊಂಡು ಕ್ಯಾಬಿನ್ನಿನೊಳಗೇ ಗಟ್ಟಿಯಾಗಿ ಹಿಡಿದು ಕೂರಬೇಕು. ಜಿಗಿದವರು ಯಂತ್ರದಡಿಗೇ ಸಿಲುಕುವ ಸಂಭವ ಹೆಚ್ಚು.

6. ಆರನೆಯ ವಾರ ಅಣಕು ಪರೀಕ್ಷೆ. ಪರಿಚಯವಿಲ್ಲದ ಒಬ್ಬರಿಂದ ಪ್ರಶ್ನೆ ಕೇಳಿಸಿರಿ. ನೆರೆಯ ಉದ್ಯಮಿಯ ಹಿರಿಯ ಆಪರೇಟರ್ ಬಂದರೂ ಆದೀತು. ಹೊಸ ಮುಖದ ಮುಂದೆ ಬಾಯಿ ಕಟ್ಟುವುದು ಅನುಭವಿಗಳ ದೊಡ್ಡ ತೊಡಕು.

ಪರೀಕ್ಷೆಯ ದಿನದ ಸಂಬಳವನ್ನೂ ಬಾಟಾವನ್ನೂ ಕಡಿತ ಮಾಡಬಾರದೆಂಬುದು ನಮ್ಮ ವಿನಂತಿ. ಒಂದು ದಿನದ ಕೂಲಿ ಹೋಗುತ್ತದೆಂಬ ಅಂಜಿಕೆಯಿಂದಲೇ ಪರೀಕ್ಷೆಯಿಂದ ದೂರ ಉಳಿಯುವವರು ಇದ್ದಾರೆ.

ಕಲಿಸಿದರೆ ಬಿಟ್ಟುಹೋಗುತ್ತಾರೆಯೇ?

‘ಪ್ರಮಾಣಪತ್ರ ಕೈಗೆ ಬಂದ ಮರುದಿನವೇ ಹೆಚ್ಚಿನ ಸಂಬಳಕ್ಕೆ ಬೇರೆಡೆಗೆ ಹೋಗುತ್ತಾರೆ’ ಎಂಬ ಆತಂಕ ಆಧಾರರಹಿತವೇನಲ್ಲ. ಕರಾವಳಿಯಿಂದಲೂ ಒಳನಾಡಿನಿಂದಲೂ ಕೊಲ್ಲಿ ರಾಷ್ಟ್ರಗಳಿಗೆ ಹೋಗಬಯಸುವ ಕ್ರೇನ್ ಚಾಲಕರಿಗೆ ಇಂಥ ಪರೀಕ್ಷೆಗಳ ಅಭ್ಯಾಸ ನೆರವಾಗುವುದು ಸಹಜ. ಆದರೆ ಕಲಿಯದವರನ್ನು ಉಳಿಸಿಕೊಂಡರೆ ಆಗುವ ನಷ್ಟವನ್ನೂ ತೂಗಿ ನೋಡಬೇಕು. ಗ್ರೀಸ್ ಕಾಣದೆ ಸವೆದ ಪಿನ್ನು, ಬುಷ್‌ಗಳ ಖರ್ಚು, ಯಂತ್ರ ನಿಂತ ದಿನಗಳ ಬಾಡಿಗೆ ನಷ್ಟ ಇವೆಲ್ಲ ಪುಸ್ತಕದಲ್ಲಿ ಬೇರೆಬೇರೆ ಖಾತೆಗಳಲ್ಲಿ ಕುಳಿತಿರುವುದರಿಂದ ಒಟ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅಪಘಾತ ಸಂಭವಿಸಿದರಂತೂ ‘ಯಂತ್ರವನ್ನು ಯಾರ ಕೈಗೆ ಕೊಟ್ಟಿದ್ದಿರಿ? ಅವರಿಗೆ ಏನು ತರಬೇತಿ ಇತ್ತು?’ ಎಂಬ ಪ್ರಶ್ನೆಗಳಿಗೆ ಮಾಲೀಕರೇ ಉತ್ತರಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಅಪಾಯರಹಿತ ಕೆಲಸದ ಸ್ಥಳವನ್ನು ಒದಗಿಸುವ ಕರ್ತವ್ಯವನ್ನು ಉದ್ಯೋಗದಾತನ ಮೇಲೆಯೇ ಇರಿಸಿದೆ.

ಪ್ರಮಾಣಪತ್ರ ಬಂದೊಡನೆ ನಮ್ಮ ಕೆಲಸ ಮುಗಿಯಿತೆಂದೂ ಭಾವಿಸಬಾರದು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಕ್ರೇನ್ ಚಾಲಕರ ನಿಯಮವು, ಪ್ರಮಾಣಪತ್ರ ಇದ್ದರೂ ಉದ್ಯೋಗದಾತನು ತನ್ನ ಯಂತ್ರ, ತನ್ನ ಕೆಲಸಕ್ಕೆ ಚಾಲಕನು ಸಮರ್ಥನೇ ಎಂದು ತಾನೇ ಪರೀಕ್ಷಿಸಿ ದಾಖಲಿಸಬೇಕೆಂದು ವಿಧಿಸಿತು. ಆ ವಿವೇಕ ನಮಗೂ ಸಲ್ಲುತ್ತದೆ. ಪ್ರತಿ ಆಪರೇಟರ್‌ನ ಹೆಸರಿನಲ್ಲಿ ಒಂದು ಪುಸ್ತಕವಿಟ್ಟು, ನಡೆಸಿದ ಯಂತ್ರ, ಕಲಿತ ಪಾಠ, ಆದ ತಪ್ಪುಗಳನ್ನು ಬರೆಯುತ್ತಾ ಹೋದರೆ ಅದಕ್ಕೆ ತಗಲುವುದು ಒಂದು ನೋಟ್‌ಬುಕ್ಕಿನ ಬೆಲೆ ಮಾತ್ರ.

ನಮ್ಮ ನಾಡಿನಲ್ಲಿ ಕೆ.ಜಿ.ಎಫ್.ನಲ್ಲಿಯೂ ಧಾರವಾಡದಲ್ಲಿಯೂ ಭಾರಿ ಯಂತ್ರಗಳು ತಯಾರಾಗುತ್ತವೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಅಂಥ ಯಂತ್ರವನ್ನು ಕೊಳ್ಳುವ ನಾವು, ಅದರ ಆಸನದಲ್ಲಿ ಕೂರುವವರಿಗಾಗಿ ಹನ್ನೆರಡು ಗಂಟೆ ಮೀಸಲಿಡಲು ಹಿಂಜರಿಯಬಾರದು. ಸದಸ್ಯರು ಬರುವ ಸೋಮವಾರ ಬೆಳಿಗ್ಗೆ ತಮ್ಮ ಆಪರೇಟರರ ಜೊತೆ ಯಂತ್ರವನ್ನು ಒಂದು ಸುತ್ತು ಬಂದು, ‘ಏನೇನು ನೋಡುತ್ತೀರಿ, ಒಂದೊಂದಾಗಿ ಹೇಳಿ’ ಎಂದು ಕೇಳಲಿ. ಸಿದ್ಧತೆ ಅಲ್ಲಿಂದಲೇ ಆರಂಭವಾಗುತ್ತದೆ.